ಹಂಡೆಯ ತಾಮ್ರಕ್ಕಿಂತ ಅದರಡಿಯ ಗಾಳಿ ದೊಡ್ಡದು

ಅಡಿಕೆ ಕೊಯ್ಲು ಶುರುವಾದ ಮೇಲೆ ಸಾಸ್ವೆಹಳ್ಳಿಯಿಂದ ಚನ್ನಗಿರಿ ಕಡೆಗೆ ಹೊರಟರೆ ಊರೂರಿಗೂ ಅದೇ ವಾಸನೆ: ಸುಲಿದ ಹಸಿ ಅಡಿಕೆ ಚೊಗರಿನಲ್ಲಿ ಕುದಿಯುವ ಒಗರು ವಾಸನೆ. ಕಣದ ಒಂದು ಮೂಲೆಯಲ್ಲಿ ಹೊಗೆಯಾಡುವ ಒಲೆ, ಒಲೆಯ ಮೇಲೆ ಹಂಡೆ, ಪಕ್ಕದಲ್ಲಿ ಸೌದೆಯ ಒಟ್ಟಿಲು, ಆಚೆಗೆ ಬಿಸಿಲಲ್ಲಿ ಹರವಿದ ಕೆಂಪಡಿಕೆ. ಫಸಲಿನ ಗುತ್ತಿಗೆ, ಅಂದರೆ ಖೇಣಿ, ಹಿಡಿದವರಿಗೂ ತೋಟದವರಿಗೂ ಆ ದಿನಗಳಲ್ಲಿ ನಿದ್ದೆ ಕಡಿಮೆ. ಹಿಂಗಾರು ಮಳೆ ನಾಲ್ಕು ದಿನ ಹಿಡಿದುಕೊಂಡರೆ ಹರವಿದ ಅಡಿಕೆಗೆ ಬೂಷ್ಟು ಬರುತ್ತದೆ, ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ.

ಆ ಕಣದಲ್ಲಿ ನಡೆಯುವುದು ಎರಡೇ ಕೆಲಸ. ಒಲೆಯ ಬಿಸಿಯನ್ನು ನೀರಿನೊಳಕ್ಕೆ ಕಳಿಸುವುದು ಒಂದು, ಅಡಿಕೆಯೊಳಗಿನ ನೀರನ್ನು ಗಾಳಿಗೆ ಕಳಿಸುವುದು ಇನ್ನೊಂದು. ದಾವಣಗೆರೆಯ ಯುಬಿಡಿಟಿ ಅಥವಾ ಬಿಐಇಟಿ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿಯನ್ನು ಕೇಳಿದರೆ ಎರಡನ್ನೂ ಒಂದೇ ಅಧ್ಯಾಯಕ್ಕೆ ಸೇರಿಸಿಯಾನು. ಅದು ಉಷ್ಣ ಸಂವಹನದ ಅಧ್ಯಾಯ. ‘ಹೀಟ್ ಟ್ರಾನ್ಸ್‌ಫರ್’ ವಿಷಯದಲ್ಲಿ ಹುಡುಗರು ಹೆಚ್ಚು ಹೆದರುವ ಭಾಗವೂ ಅದೇ. ಹೆದರಿಕೆಗೆ ಕಾರಣ ಗಣಿತದ ಕಷ್ಟವಲ್ಲ. ಅಲ್ಲಿ ಸೂತ್ರಗಳು ಹತ್ತಾರು ಇವೆ. ಯಾವುದನ್ನು ಯಾವಾಗ ಹಿಡಿಯಬೇಕು ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ.

ಬಿಸಿ ಮೂರು ದಾರಿಯಲ್ಲಿ ಸಾಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಸೌಟಿನ ತುದಿಯಿಂದ ಹಿಡಿಗೆ ಬರುವುದು ವಹನ. ಕೆಂಡದ ಎದುರು ನಿಂತಾಗ ಮುಖಕ್ಕೆ ತಾಗುವುದು ವಿಕಿರಣ. ಗಾಳಿಯೋ ನೀರೋ ತಾನೇ ಚಲಿಸುತ್ತ ಬಿಸಿಯನ್ನು ಹೊತ್ತೊಯ್ದರೆ ಅದು ಸಂವಹನ. ಮೊದಲೆರಡಕ್ಕೆ ವಸ್ತುವಿನ ಗುಣ ಗೊತ್ತಿದ್ದರೆ ಬಹುಮಟ್ಟಿಗೆ ಸಾಕು. ತಾಮ್ರ ಎಷ್ಟು ಬಿಸಿ ಸಾಗಿಸುತ್ತದೆ ಎಂಬುದು ಪುಸ್ತಕದಲ್ಲಿದೆ, ಚನ್ನಗಿರಿಯಲ್ಲೂ ಚಿಕಾಗೋದಲ್ಲೂ ಅಷ್ಟೇ. ಸಂವಹನ ಹಾಗಲ್ಲ. ಅದೇ ಗಾಳಿ, ಅದೇ ಹಂಡೆ ಇದ್ದರೂ ಗಾಳಿ ಬೀಸಿದರೆ ಒಂದು ಲೆಕ್ಕ, ನಿಂತರೆ ಇನ್ನೊಂದು.

ಇದನ್ನು ಮೊದಲು ಗಮನಿಸಿ ಬರೆದಿಟ್ಟವರಲ್ಲಿ ಐಸಾಕ್ ನ್ಯೂಟನ್ ಒಬ್ಬ. 1701ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲ್ಯಾಟಿನ್ ಭಾಷೆಯ ಒಂದು ಪುಟ್ಟ ಲೇಖನ ಬಂತು, ಲೇಖಕನ ಹೆಸರಿಲ್ಲದೆ. ಕಾಯಿಸಿದ ಕಬ್ಬಿಣದ ತುಂಡು ಹೇಗೆ ತಣಿಯುತ್ತದೆ ಎಂಬುದು ಅದರಲ್ಲಿದ್ದ ಪ್ರಯೋಗ. ನ್ಯೂಟನ್ ಆ ಕಬ್ಬಿಣವನ್ನು ನಿಂತ ಗಾಳಿಯಲ್ಲಿ ಇಡಲಿಲ್ಲ, ಒಂದೇ ಸಮ ಬೀಸುವ ಗಾಳಿಯಲ್ಲಿ ಇಟ್ಟ. ಹಾಗಿಟ್ಟದ್ದರಿಂದಲೇ ಅವನ ನಿಯಮ ಸರಳವಾಗಿ ಬಂತು. ಇವತ್ತು ಅದನ್ನು ಹೀಗೆ ಬರೆಯುತ್ತಾರೆ: ಸಾಗುವ ಬಿಸಿ ಎಂದರೆ ಮೇಲ್ಮೈಯ ವಿಸ್ತೀರ್ಣ, ಉಷ್ಣಾಂಶದ ವ್ಯತ್ಯಾಸ ಮತ್ತು ‘ಎಚ್’ ಎಂಬ ಒಂದು ಗುಣಕ, ಈ ಮೂರರ ಗುಣಲಬ್ಧ.

ತೊಡಕೆಲ್ಲ ಆ ‘ಎಚ್’ನಲ್ಲಿ ಅಡಗಿದೆ. ಒಂದು ಚದರ ಮೀಟರ್ ಮೇಲ್ಮೈಯಿಂದ ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಬಿಸಿ ದಾಟುತ್ತದೆ ಎಂಬುದೇ ‘ಎಚ್’. ತಾನಾಗಿ ಮೇಲೇಳುವ ಗಾಳಿಯಲ್ಲಿ ಅದು 5ರಿಂದ 25ರಷ್ಟು. ಫ್ಯಾನ್ ಹಾಕಿದರೆ 25ರಿಂದ 250ರವರೆಗೆ ಏರಬಹುದು. ಕುದಿಯುವ ನೀರಿಗೆ 2,500ಕ್ಕಿಂತ ಮೇಲೆ. ಒಂದೇ ಅಕ್ಷರಕ್ಕೆ ಇಷ್ಟು ಅಗಲವಾದ ಹರವು. ಹಾಗಾಗಿ ಸಂವಹನದ ಸಮಸ್ಯೆ ಬಿಡಿಸುವುದೆಂದರೆ ಮುಕ್ಕಾಲು ಪಾಲು ಸರಿಯಾದ ‘ಎಚ್’ ಹುಡುಕುವುದೇ.

ಅದು ಹೀಗೆ ಬದಲಾಗುವುದೇಕೆ ಎಂಬುದಕ್ಕೆ ಉತ್ತರ ಸಿಗಲು ಎರಡು ಶತಮಾನ ಹಿಡಿಯಿತು. 1904ರಲ್ಲಿ ಹೈಡೆಲ್‌ಬರ್ಗಿನಲ್ಲಿ ನಡೆದ ಗಣಿತಜ್ಞರ ಸಮಾವೇಶದಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಒಂದು ಚಿಕ್ಕ ಪ್ರಬಂಧ ಓದಿದ. ಹರಿಯುವ ಗಾಳಿ ಎಷ್ಟೇ ಜೋರಾಗಿರಲಿ, ಮೇಲ್ಮೈಗೆ ತಾಗಿದ ಕಡೆ ಅದರ ವೇಗ ಸೊನ್ನೆ. ಅಲ್ಲಿಂದ ಮೇಲಕ್ಕೆ ಒಂದು ತೆಳುವಾದ ಪದರದೊಳಗೆ ವೇಗ ಸೊನ್ನೆಯಿಂದ ಪೂರ್ತಿಗೆ ಏರುತ್ತದೆ. ಈ ಗಡಿ ಪದರ ವಸ್ತುವಿಗೆ ಹೊದಿಸಿದ ಕಂಬಳಿಯ ಹಾಗೆ ಬಿಸಿಯನ್ನು ತಡೆಯುತ್ತದೆ. ಗಾಳಿ ಜೋರಾದರೆ ಪದರ ತೆಳುವಾಗುತ್ತದೆ, ಬಿಸಿ ಸಲೀಸಾಗಿ ದಾಟುತ್ತದೆ. 1915ರಲ್ಲಿ ಅದೇ ದೇಶದ ವಿಲ್ಹೆಲ್ಮ್ ನುಸೆಲ್ಟ್ ವೇಗ, ಗಾತ್ರ, ಸ್ನಿಗ್ಧತೆ, ಉಷ್ಣವಾಹಕತೆಗಳನ್ನೆಲ್ಲ ಘಟಕವಿಲ್ಲದ ಕೆಲವೇ ಸಂಖ್ಯೆಗಳಲ್ಲಿ ಕಟ್ಟಿಕೊಟ್ಟ. ರೆನಾಲ್ಡ್ಸ್ ಸಂಖ್ಯೆ, ಪ್ರಾಂಟ್ಲ್ ಸಂಖ್ಯೆ, ನುಸೆಲ್ಟ್ ಸಂಖ್ಯೆ ಎಂದು ಹುಡುಗರು ಬಾಯಿಪಾಠ ಮಾಡುವುದು ಇವನ್ನೇ. ಇವುಗಳಿಂದಾದ ಅನುಕೂಲ ಸಣ್ಣದಲ್ಲ. ಪ್ರಯೋಗಾಲಯದಲ್ಲಿ ಒಂದು ಗುಂಡಿನ ಮೇಲೆ ಅಳೆದದ್ದನ್ನು ಅಡಿಕೆಗೂ ಅನ್ವಯಿಸಬಹುದು, ಕಲ್ಲಂಗಡಿಗೂ ಅನ್ವಯಿಸಬಹುದು.

ಹಾಗಾದರೆ ಒಂದು ಅಡಿಕೆಯ ಲೆಕ್ಕವನ್ನೇ ಮಾಡಿ ನೋಡೋಣ.

ಬೇಯಿಸಿ ತೆಗೆದ ಇಡಿ ಅಡಿಕೆ, ಅಡ್ಡಳತೆ 2 ಸೆಂಟಿಮೀಟರ್. ಡ್ರೈಯರ್‌ನಲ್ಲಿ 60 ಡಿಗ್ರಿಯ ಗಾಳಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅದರ ಮೇಲೆ ಹಾಯುತ್ತಿದೆ. ಅಡಿಕೆಯ ಮೈ ಒದ್ದೆಯಾಗಿರುವುದರಿಂದ ಅದು 60 ಡಿಗ್ರಿಗೆ ಏರುವುದಿಲ್ಲ, ನೀರು ಆರುತ್ತಿರುವಷ್ಟು ಹೊತ್ತು 30ರ ಆಸುಪಾಸಿನಲ್ಲೇ ಇರುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಹೆಜ್ಜೆ ರೆನಾಲ್ಡ್ಸ್ ಸಂಖ್ಯೆ: ವೇಗವನ್ನು ಅಡ್ಡಳತೆಯಿಂದ ಗುಣಿಸಿ ಗಾಳಿಯ ಕೈನೆಮ್ಯಾಟಿಕ್ ಸ್ನಿಗ್ಧತೆಯಿಂದ ಭಾಗಿಸಬೇಕು. ಬರುವುದು ಸುಮಾರು 1,050. ಸೆಂಟಿಮೀಟರನ್ನು ಮೀಟರಿಗೆ ತಿರುಗಿಸಲು ಮರೆತರೆ ಉತ್ತರ ನೂರು ಪಟ್ಟು ತಪ್ಪುವುದು ಇಲ್ಲೇ. ಗುಂಡಗಿನ ವಸ್ತುವಿನ ಸೂತ್ರಕ್ಕೆ ಈ ಸಂಖ್ಯೆ ಹಾಕಿದರೆ ನುಸೆಲ್ಟ್ ಸಂಖ್ಯೆ 19 ಚಿಲ್ಲರೆ, ಅದರಿಂದ ‘ಎಚ್’ ಸುಮಾರು 27. ಅಡಿಕೆಯ ಮೇಲ್ಮೈ ಹನ್ನೆರಡೂವರೆ ಚದರ ಸೆಂಟಿಮೀಟರ್, ಉಷ್ಣಾಂಶದ ವ್ಯತ್ಯಾಸ 30 ಡಿಗ್ರಿ. ಮೂರನ್ನೂ ಗುಣಿಸಿದರೆ ಒಂದು ಅಡಿಕೆಗೆ ಒಂದು ವ್ಯಾಟ್ ಬಿಸಿ. ಅಷ್ಟು ಬಿಸಿಗೆ ಗಂಟೆಗೆ ಒಂದೂವರೆ ಗ್ರಾಂ ನೀರು ಆರುತ್ತದೆ.

ಫ್ಯಾನ್ ನಿಲ್ಲಿಸಿದರೆ? ಸೂತ್ರವೇ ಬದಲು. ಈಗ ಗಾಳಿಯನ್ನು ನೂಕುವವರಿಲ್ಲ, ಉಷ್ಣಾಂಶದ ವ್ಯತ್ಯಾಸವೇ ಅದನ್ನು ಅಲ್ಲಾಡಿಸಬೇಕು. ರೆನಾಲ್ಡ್ಸ್ ಸಂಖ್ಯೆಯ ಜಾಗಕ್ಕೆ ಗ್ರಾಸಾಫ್ ಸಂಖ್ಯೆ ಬರುತ್ತದೆ. ಇಲ್ಲಿ ಉಷ್ಣಾಂಶವನ್ನು ಕೆಲ್ವಿನ್‌ನಲ್ಲಿ ಹಾಕಬೇಕಾದಲ್ಲಿ ಸೆಲ್ಸಿಯಸ್‌ನಲ್ಲಿ ಹಾಕಿ ಅಂಕ ಕಳೆದುಕೊಂಡವರು ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ. ಸರಿಯಾಗಿ ಮಾಡಿದರೆ ‘ಎಚ್’ 10ರ ಹತ್ತಿರ ಬರುತ್ತದೆ. ಫ್ಯಾನ್ ಇದ್ದಾಗಿನ ಮೂರನೇ ಒಂದು ಪಾಲಿಗೆ ಸ್ವಲ್ಪ ಮೇಲೆ, ಅಷ್ಟೇ.

ಫ್ಯಾನಿನ ವೇಗ ಎರಡು ಪಟ್ಟು ಮಾಡಿದರೆ ಅಡಿಕೆ ಎರಡು ಪಟ್ಟು ಬೇಗ ಒಣಗೀತೆ? ಅದೂ ಇಲ್ಲ. ಸೆಕೆಂಡಿಗೆ 2 ಮೀಟರ್ ವೇಗಕ್ಕೆ ‘ಎಚ್’ 37ರವರೆಗೆ ಬರುತ್ತದೆ. ಹೆಚ್ಚಿದ್ದು ಶೇ 40ರೊಳಗೆ. ಆದರೆ ಅದೇ ದಾರಿಯಲ್ಲಿ ಗಾಳಿಯನ್ನು ಎರಡು ಪಟ್ಟು ವೇಗದಲ್ಲಿ ನೂಕಲು ಬೇಕಾದ ಶಕ್ತಿ ಸುಮಾರು ಎಂಟು ಪಟ್ಟು. ಕರೆಂಟು ಬಿಲ್ಲು ಕಟ್ಟುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಗೊತ್ತಿರಬೇಕು. ದೊಡ್ಡ ಮೋಟಾರು ಹಾಕಿದ್ದೇವೆ, ಹಾಗಾಗಿ ಒಳ್ಳೆಯ ಡ್ರೈಯರ್ ಎನ್ನುವ ಮಾತನ್ನು ಈ ಅಂಕಿಗಳ ಮುಂದಿಟ್ಟು ತೂಗಬೇಕು.

ಲೆಕ್ಕ ಇಲ್ಲಿಗೆ ಮುಗಿಯಿತೆಂದು ಪೆನ್ನು ಮುಚ್ಚಿದರೆ ಎಂಜಿನಿಯರ್ ಅರ್ಧ ದಾರಿಯಲ್ಲಿ ನಿಂತ ಹಾಗೆ. ಗಂಟೆಗೆ ಒಂದೂವರೆ ಗ್ರಾಂ ಎಂದರೆ ಅಡಿಕೆ ಕೆಲವೇ ಗಂಟೆಗಳಲ್ಲಿ ಒಣಗಿಬಿಡಬೇಕು. ಚನ್ನಗಿರಿಯ ಯಾವ ರೈತರೂ ಅದನ್ನು ಒಪ್ಪುವುದಿಲ್ಲ; ಬಿಸಿಲು ಚೆನ್ನಾಗಿದ್ದರೂ ಬೇಯಿಸಿದ ಅಡಿಕೆಗೆ ಐದಾರು ದಿನ ಬೇಕೆಂಬುದು ಅವರ ಅನುಭವ. ಅವರು ಹೇಳುವುದು ಸರಿ. ಮೈಮೇಲಿನ ನೀರು ಆರಿದ ನಂತರ ಒಳಗಿನ ನೀರು ತಿರುಳಿನ ಸಂದಿಗೊಂದಿಗಳಲ್ಲಿ ನುಸುಳಿ ಹೊರಗೆ ಬರಬೇಕು. ಆ ಹೊತ್ತಿಗೆ ತಡೆ ಇರುವುದು ಗಾಳಿಯ ಪದರದಲ್ಲಲ್ಲ, ಅಡಿಕೆಯ ಒಳಗೆ. ಹೊರಗಿನ ಫ್ಯಾನನ್ನು ಎಷ್ಟು ಜೋರು ಮಾಡಿದರೂ ಒಳಗಿನ ನೀರಿಗೆ ಅವಸರವಿಲ್ಲ. ಆದ್ದರಿಂದ ಮೊದಲ ಕೆಲವು ಗಂಟೆ ಗಾಳಿ ಜೋರಾಗಿರಲಿ, ಆಮೇಲೆ ವೇಗ ತಗ್ಗಿಸಿ ಬೆಚ್ಚಗೆ ಇಟ್ಟರೆ ಸಾಕು. ಉತ್ಪನ್ನಕ್ಕೆ ತೊಂದರೆಯಿಲ್ಲ, ಕರೆಂಟು ಉಳಿಯುತ್ತದೆ.

ಇನ್ನೂ ಒಂದು ಎಚ್ಚರ ಬೇಕು. ಮೇಲಿನ ಸೂತ್ರ ಒಂಟಿ ಅಡಿಕೆಯದು. ಟ್ರೇನಲ್ಲಿ ನಾಲ್ಕು ಬೆರಳು ದಪ್ಪ ಸುರಿದರೆ ಗಾಳಿ ಸಂದಿಗಳಲ್ಲಿ ಸುತ್ತಿ ಬಳಸಿ ಹೋಗುತ್ತದೆ, ಕೆಳಗಿನ ಪದರದಲ್ಲಿ ತೇವ ಹೀರಿಕೊಂಡು ಮೇಲಿನ ಪದರಕ್ಕೆ ತಣ್ಣಗಾಗಿ ತಲುಪುತ್ತದೆ. ಅದಕ್ಕೆ ಬೇರೆ ಸೂತ್ರ ಇದೆ. ಹೊರಗಿನ ಹವೆಯ ತೇವವೂ ಲೆಕ್ಕಕ್ಕೆ ಬರಬೇಕು: ಮಳೆ ಕಡಿಮೆಯಿರುವ ಜಗಳೂರು ಸೀಮೆಯ ಒಣ ಗಾಳಿಯಲ್ಲಿ ಆರುವಷ್ಟು ಬೇಗ ನ್ಯಾಮತಿಯ ಮಳೆಗಾಲದ ಗಾಳಿಯಲ್ಲಿ ಆರದು, ಥರ್ಮಾಮೀಟರ್ ಎರಡೂ ಕಡೆ ಒಂದೇ ತೋರಿಸಿದರೂ. ವಿಟಿಯು ಪರೀಕ್ಷೆಗೆ ಒಯ್ಯಲು ಬಿಡುವ ‘ಡೇಟಾ ಹ್ಯಾಂಡ್‌ಬುಕ್’ನಲ್ಲಿ ಪುಟಗಟ್ಟಲೆ ಇಂಥ ಸೂತ್ರಗಳಿವೆ, ಪ್ರತಿಯೊಂದರ ಪಕ್ಕದಲ್ಲೂ ಅದು ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಎಂಬ ಮಿತಿ ಸಣ್ಣಕ್ಷರದಲ್ಲಿ ಇರುತ್ತದೆ. ಒಳ್ಳೆಯ ವಿದ್ಯಾರ್ಥಿ ಮೊದಲು ಓದುವುದು ಆ ಸಣ್ಣಕ್ಷರವನ್ನು.

ಈಗ ಹಂಡೆಗೆ ಬರೋಣ. ಹಳೆಯ ಮನೆಗಳಲ್ಲಿ ತಾಮ್ರದ ಹಂಡೆಗೆ ಇರುವ ಗೌರವ ಬೇರೆ. ತಾಮ್ರ ಬೇಗ ಕಾಯುತ್ತದೆ, ಸೌದೆ ಉಳಿಯುತ್ತದೆ ಎಂಬ ನಂಬಿಕೆಯೂ ಅದರ ಜೊತೆಗಿದೆ. ಬಿಸಿ ಹೊಗೆಯಿಂದ ನೀರಿಗೆ ಹೋಗುವ ದಾರಿಯಲ್ಲಿ ಮೂರು ತಡೆಗಳಿವೆ. ಹಂಡೆಯ ಹೊರಗಿನ ಹೊಗೆಯ ಪದರ, ಲೋಹ, ಒಳಗಿನ ನೀರಿನ ಪದರ. ಹೊಗೆಯ ಬದಿಯ ‘ಎಚ್’ 30 ಎಂದಿಟ್ಟುಕೊಂಡರೆ ಅಲ್ಲಿನ ತಡೆ ಒಂದನ್ನು 30ರಿಂದ ಭಾಗಿಸಿದಷ್ಟು, ಅಂದರೆ 0.033. ಕುದಿಯುವ ನೀರಿನ ಬದಿಯಲ್ಲಿ 0.0003. ಮೂರು ಮಿಲಿಮೀಟರ್ ದಪ್ಪದ ತಾಮ್ರದ ತಡೆ 0.0000075. ಅಷ್ಟೇ ದಪ್ಪದ ಸ್ಟೀಲಿನದು 0.0002. ಕೂಡಿ ನೋಡಿದರೆ ಒಟ್ಟು ತಡೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೊಗೆಯ ಬದಿಯದು. ತಾಮ್ರದ ಬದಲು ಸ್ಟೀಲ್ ಹಾಕಿದರೆ ಆಗುವ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಜ್ವಾಲೆಯ ವಿಕಿರಣವನ್ನು ಸೇರಿಸಿಕೊಂಡು ‘ಎಚ್’ ಎರಡು ಪಟ್ಟು ಮಾಡಿದರೂ ತೀರ್ಪು ಬದಲಾಗುವುದಿಲ್ಲ. ಹಂಡೆಯ ತಳಕ್ಕೆ ಕಟ್ಟಿದ ಮಸಿ ಮಾತ್ರ ನಿಜವಾದ ಶತ್ರು. ಮಸಿ ಬಿಸಿಯನ್ನು ತೀರಾ ಕಡಿಮೆ ಸಾಗಿಸುತ್ತದೆ. ಒಂದು ಮಿಲಿಮೀಟರ್ ಮಸಿಯ ಮುಂದೆ ಮೂರು ಮಿಲಿಮೀಟರ್ ಲೋಹ, ತಾಮ್ರವಿರಲಿ ಸ್ಟೀಲಿರಲಿ, ತಡೆಯೇ ಅಲ್ಲ. ಹಂಡೆಯ ತಳ ಕೆರೆದು ತೊಳೆಯುವ ಅಜ್ಜಿಯರ ಶಿಸ್ತಿಗೆ ಈ ಲೆಕ್ಕದ ಬೆಂಬಲವಿದೆ.

ಮುಚ್ಚಳದ ಮಾತನ್ನೂ ಇಲ್ಲೇ ಹೇಳಬೇಕು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಬಿಸಿ 314 ಕಿಲೋಜೂಲ್. ಅದೇ ನೀರು ಆವಿಯಾಗಿ ಹೋದರೆ ಹೊತ್ತೊಯ್ಯುವುದು ಸುಮಾರು 2,257 ಕಿಲೋಜೂಲ್, ಏಳು ಪಟ್ಟು. ನೀರು ಒಮ್ಮೆ ಕುದಿ ಹತ್ತಿದ ಮೇಲೆ ಎಷ್ಟು ಸೌದೆ ತುರುಕಿದರೂ ಉಷ್ಣಾಂಶ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಹಂಡೆ ಮುಚ್ಚುವುದಕ್ಕಿಂತ ಅಗ್ಗದ ಉಳಿತಾಯ ಆ ಕಣದಲ್ಲಿ ಇನ್ನೊಂದಿಲ್ಲ.

ತಡೆ ಹೊಗೆಯ ಬದಿಯಲ್ಲಿದೆ ಎಂದು ಗೊತ್ತಾದ ಮೇಲೆ ಮಾಡಬೇಕಾದ್ದೇನು? ಇದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉತ್ತರ ಹುಟ್ಟಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಒಯ್ಯುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕೆಲಸದ ನೆಲೆಯಾಯಿತು. ಎಸ್.ಎಸ್. ಲೋಕ್ರಸ್, ಕೆ.ಎಸ್. ಜಗದೀಶ್ ಮೊದಲಾದವರ ತಂಡ 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಯ ಒಲೆಯೊಂದನ್ನು ರೂಪಿಸಿತು. ಊರೂರಲ್ಲಿ ಅದು ‘ಅಸ್ತ್ರ ಒಲೆ’ ಎಂದೇ ಹೆಸರಾಯಿತು. ಸಾಂಪ್ರದಾಯಿಕ ಒಲೆಗಳ ದಕ್ಷತೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಕಾಲದಲ್ಲಿ ಇದು ಪ್ರಯೋಗಾಲಯದಲ್ಲಿ ನಲವತ್ತನ್ನು ದಾಟಿತು.

ಆ ಒಲೆಯಲ್ಲಿ ವಿಶೇಷ ಲೋಹವಿಲ್ಲ, ಯಂತ್ರವಿಲ್ಲ. ಇಟ್ಟಿಗೆ, ಮಣ್ಣು, ಒಂದು ಕಬ್ಬಿಣದ ಜಾಲರಿ, ಒಂದು ಹೊಗೆ ಕೊಳವೆ. ಪಾತ್ರೆಗಳು ಒಲೆಯ ಮೈಯೊಳಗೆ ಇಳಿದು ಕೂರುತ್ತವೆ. ಬಿಸಿ ಹೊಗೆ ಮೊದಲ ಪಾತ್ರೆಯ ಕೆಳಗಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಕಿರಿದಾದ ಸಂದಿಯಲ್ಲಿ ಹಾಯ್ದು ಕೊಳವೆ ಸೇರುತ್ತದೆ. ಸಂದಿ ಕಿರಿದಾದಷ್ಟೂ ಹೊಗೆ ಪಾತ್ರೆಯ ಮೈಗೆ ಒತ್ತಿ ಸಾಗುತ್ತದೆ, ‘ಎಚ್’ ಏರುತ್ತದೆ. ಹಾಗಾದರೆ ಇನ್ನೂ ಕಿರಿದು ಮಾಡಬಾರದೇಕೆ? ಹೊಗೆಯನ್ನು ಎಳೆಯುವುದು ಕೊಳವೆ ಮಾತ್ರ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ 150 ಡಿಗ್ರಿಯ ಹೊಗೆ ಇದ್ದರೆ ಅದು ಎಳೆಯುವ ಒತ್ತಡ ಸುಮಾರು 10 ಪಾಸ್ಕಲ್, ಒಂದು ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮ. ಸಂದಿಯ ಗಾತ್ರ, ತಿರುವು, ಜಾಲರಿ ಎಲ್ಲವೂ ಆ ಹತ್ತು ಪಾಸ್ಕಲ್‌ನೊಳಗೇ ಮುಗಿಯಬೇಕು. ಮೀರಿದರೆ ಹೊಗೆ ಹಿಂದಕ್ಕೆ ತಿರುಗಿ ಅಡುಗೆಮನೆ ತುಂಬುತ್ತದೆ. ಹೊಗೆಯ ಬಿಸಿಯನ್ನೆಲ್ಲ ಪಾತ್ರೆಯೇ ಹೀರಿಕೊಂಡರೆ ಕೊಳವೆಯಲ್ಲಿ ಎಳೆತವೇ ಇರುವುದಿಲ್ಲ. ಬಿಸಿ ಕೊಡುವುದು ಮತ್ತು ಗಾಳಿ ಹರಿಯುವುದು, ಇವೆರಡರ ಜಗಳವನ್ನು ಇತ್ಯರ್ಥ ಮಾಡುವುದೇ ಸಂವಹನದ ಎಂಜಿನಿಯರಿಂಗ್. ಕಂಪ್ಯೂಟರಿನ ಒಳಗಿನ ಫ್ಯಾನು, ಕಾರಿನ ರೇಡಿಯೇಟರ್, ವಿದ್ಯುತ್ ಸ್ಥಾವರದ ಕಂಡೆನ್ಸರ್, ಎಲ್ಲದರಲ್ಲೂ ಇದೇ ಜಗಳ ಬೇರೆ ಬೇರೆ ಗಾತ್ರದಲ್ಲಿದೆ.

ಅಸ್ತ್ರ ತಂಡದಲ್ಲಿದ್ದ ಸ್ವಾತಿ ಭೋಗ್ಲೆ ಮುಂದೆ 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಟೈಡ್’ ಸಂಸ್ಥೆಯ ಮೂಲಕ ಇದೇ ತಿಳಿವಳಿಕೆಯನ್ನು ಸಣ್ಣ ಉದ್ದಿಮೆಗಳ ಒಲೆಗಳಿಗೆ ಒಯ್ದರು. ರೇಷ್ಮೆ ನೂಲು ತೆಗೆಯುವವರು, ಬಟ್ಟೆಗೆ ಬಣ್ಣ ಹಾಕುವವರು ದಿನವಿಡೀ ಸೌದೆ ಉರಿಸುವ ಜಾಗಗಳು ಅವು. ಆ ಕೆಲಸಕ್ಕೆ 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು.

ಸಿದ್ಧಾಂತದ ಬದಿಯಲ್ಲೂ ಕನ್ನಡ ನಾಡಿನ ಪಾಲು ದೊಡ್ಡದು. ಗಾಳಿ ಸರಾಗವಾಗಿ ಹರಿಯುತ್ತದೋ ಸುಳಿಗಟ್ಟಿ ಹರಿಯುತ್ತದೋ ಎಂಬುದರ ಮೇಲೆ ‘ಎಚ್’ ಹಲವು ಪಟ್ಟು ಬದಲಾಗುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ಎರಡನ್ನೂ ಕಣ್ಣಿಗೆ ತೋರಿಸಿದ್ದ. ಸರಾಗ ಹರಿವು ಸುಳಿಗೆ ತಿರುಗುವ ನಡುವಿನ ಘಟ್ಟ ಮಾತ್ರ ಬಹಳ ಕಾಲ ಕಗ್ಗಂಟಾಗಿತ್ತು. ಬೆಂಗಳೂರಿನ ಯುವಿಸಿಇಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾದ ರೊದ್ದಂ ನರಸಿಂಹ 1957ರಲ್ಲಿ ಆ ಘಟ್ಟವನ್ನು ಲೆಕ್ಕಕ್ಕೆ ತರುವ ದಾರಿ ತೋರಿಸಿದರು. ಸುಳಿಗಳು ಮೇಲ್ಮೈಯ ಮೇಲೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಒಂದು ನಿರ್ದಿಷ್ಟ ಗೆರೆಯ ಆಸುಪಾಸಿನಲ್ಲೇ ಚುಕ್ಕೆಗಳಾಗಿ ಹುಟ್ಟಿ ಹರಡುತ್ತವೆ ಎಂಬುದು ಅವರ ಗ್ರಹಿಕೆ. ಗ್ಯಾಸ್ ಟರ್ಬೈನಿನ ಅಲಗು ಎಲ್ಲಿ ಎಷ್ಟು ಕಾಯುತ್ತದೆ ಎಂದು ಲೆಕ್ಕ ಹಾಕುವವರು ಇಂದಿಗೂ ಆ ಗ್ರಹಿಕೆಯನ್ನು ಬಳಸುತ್ತಾರೆ. ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಷ್ಟೆಲ್ಲ ಇದ್ದೂ ನಮ್ಮ ತರಗತಿಗಳಲ್ಲಿ ಕೊಡುವ ಲೆಕ್ಕಗಳು ಸಾಮಾನ್ಯವಾಗಿ ಯಾವುದೋ ದೇಶದ ಹಿಮ ಬಿದ್ದ ಕಿಟಕಿಯದು, ಎಲ್ಲಿಯದೋ ಹಬೆ ಕೊಳವೆಯದು. ಸಾಸ್ವೆಹಳ್ಳಿಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಓದಲು ಹೋದ ಹುಡುಗಿ ಮನೆಯ ಹಿಂದೆ ಪ್ರತಿವರ್ಷ ಉರಿಯುವ ಒಲೆಯನ್ನು ಆ ಪುಸ್ತಕದಲ್ಲಿ ಕಾಣುವುದಿಲ್ಲ. ಸೌದೆಯ ದರ ಏರುತ್ತಿದೆ, ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ಸುಮ್ಮನೆ ಹೊಗೆಯಾಡುತ್ತಿದೆ, ಮಳೆಯ ಲಯ ತಪ್ಪುತ್ತಿದೆ. ಈ ಸೀಮೆಯ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಒಂದು ತಂಡವನ್ನಾದರೂ ಅಡಿಕೆ ಬೇಯಿಸುವ ಕಣಕ್ಕೆ ಕಳಿಸಲಿ. ಥರ್ಮೋಕಪಲ್, ಗಾಳಿಯ ವೇಗ ಅಳೆಯುವ ಉಪಕರಣ, ಸೌದೆ ತೂಗಲು ಒಂದು ತಕ್ಕಡಿ ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘಗಳು ಒಂದೆರಡು ಒಲೆಗಳನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟು, ಸಿಕ್ಕ ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಬೇಕು. ಮುಂದಿನ ಕೊಯ್ಲಿಗೆ ಮೊದಲೇ ಈ ಕೆಲಸ ಶುರುವಾಗಲಿ.